ಶುಶ್ರೂಷೆ ಎಂಬ ಮಾತಿನ ಅರ್ಥ

ಮೂವತ್ತಾರು ವರ್ಷಗಳ ಕಾಲ ಪಾಠ ಹೇಳಿದವನಿಗೆ, ನಿವೃತ್ತನಾದ ಮೇಲೆ ತಾನೇ ಪಾಠ ಹೇಳಿಸಿಕೊಳ್ಳುವ ಯೋಗವು ಒದಗುವುದು ಅಪರೂಪ. ನನಗೆ ಅದು ಒದಗಿತು. ಅದೂ ನಾನು ಚೆನ್ನಾಗಿ ಬಲ್ಲೆನೆಂದು ನಂಬಿದ್ದ ಒಂದು ಶಬ್ದದ ವಿಷಯದಲ್ಲಿ. ಹೇಳಿಕೊಟ್ಟವಳು ನನ್ನ ಶಿಷ್ಯೆ. ಆ ಶಬ್ದವೇ ಶುಶ್ರೂಷೆ. ನಮ್ಮ ಸಂಘದ ಈ ಪತ್ರಿಕೆಯನ್ನು ಓದುವವರಲ್ಲಿ ಉಪಾಧ್ಯಾಯರು ಬಹುಮಂದಿ. ಅವರ ಮನೆಗಳಲ್ಲಿ ದಾದಿಯರಾಗಿ ದುಡಿಯುವ ಹೆಣ್ಣುಮಕ್ಕಳೂ ಉಂಟು. ಆದುದರಿಂದ ನನಗೆ ನಾಚಿಕೆಯನ್ನು ತರುವ ಸಂಗತಿಯಾದರೂ ಮುಚ್ಚಿಡದೆ ಬರೆಯಲುದ್ಯುಕ್ತನಾಗಿರುವೆನು.

ಪಾಠಶಾಲೆಯಲ್ಲಿ ವ್ಯಾಕರಣವನ್ನೋದುತ್ತಿದ್ದ ದಿನಗಳಲ್ಲಿ ಸನ್ನಂತ ಪ್ರಕರಣವು ನಮಗೆಲ್ಲ ಪ್ರಿಯವಾಗಿದ್ದಿತು. ಧಾತುವಿಗೆ ಸನ್ ಎಂಬ ಪ್ರತ್ಯಯವು ಹತ್ತಿದರೆ ಇಚ್ಛೆಯ ಅರ್ಥವು ಬರುವುದು. ಕುಡಿಯಬೇಕೆಂಬ ಇಚ್ಛೆ ಪಿಪಾಸೆ. ಉಣ್ಣಬೇಕೆಂಬ ಇಚ್ಛೆ ಬುಭುಕ್ಷೆ. ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆ. ಬಿಡುಗಡೆ ಹೊಂದಬೇಕೆಂಬ ಇಚ್ಛೆ ಮುಮುಕ್ಷೆ. ಹಾಗೆಯೇ ಕೇಳಬೇಕೆಂಬ ಇಚ್ಛೆ ಶುಶ್ರೂಷೆ. ಗುರುವಿನ ಮಾತನ್ನು ಕೇಳಬೇಕೆಂದು ಆತನ ಬಳಿಯಲ್ಲಿರುವವನು ಆತನ ನೀರು ಸೌದೆಗಳ ಕೆಲಸವನ್ನೂ ನೋಡುವನಷ್ಟೆ. ಅದರಿಂದ ಆ ಶಬ್ದಕ್ಕೆ ಸೇವೆಯೆಂಬ ಅರ್ಥವೂ, ವಿಧೇಯತೆಯೆಂಬ ಅರ್ಥವೂ, ರೋಗಿಯ ಆರೈಕೆಯೆಂಬ ಅರ್ಥವೂ ಸೇರಿಕೊಂಡವು. ಈಗ ಸರ್ಕಾರವೂ ಆಸ್ಪತ್ರೆಯ ದಾದಿಯನ್ನು ಶುಶ್ರೂಷಾಧಿಕಾರಿಯೆಂದೇ ಕರೆಯುತ್ತಿದೆ.

ನಮ್ಮ ಕನ್ನಡದ ‘ಕೇಳು’ ಎಂಬ ಧಾತುವಾದರೂ ಎಷ್ಟು ಉದಾರವಾದುದು! ಆಲಿಸುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಹೇಳಿದ ಮಾತಿನಂತೆ ನಡೆಯುವುದೂ ಕೇಳುವುದೇ. ಈ ಮೂರರಲ್ಲಿ ಕಡೆಯದೊಂದನ್ನೇ ಹಿಡಿದು ನಾನು ಮೂವತ್ತಾರು ವರ್ಷ ಸಂಬಳವನ್ನೆಣಿಸಿದೆನು. ಹಿರಿಯರು ಹೇಳಿದಂತೆ ಕೇಳುವುದೇ ಶುಶ್ರೂಷೆಯೆಂದು ಮಕ್ಕಳಿಗೆ ಬರೆಯಿಸಿದೆನು.

ಕಳೆದ ವರ್ಷ ನನಗೆ ಅಂತ್ರವೃದ್ಧಿಯ, ಎಂದರೆ ಹರ್ನಿಯಾದ, ಶಸ್ತ್ರಚಿಕಿತ್ಸೆಯಾಯಿತು. ಯಾವ ಊರಿನ ಯಾವ ಆಸ್ಪತ್ರೆಯೆಂಬುದು ಇಲ್ಲಿ ಅನಾವಶ್ಯಕ. ಅಲ್ಲಿ ನಾನು ‘ಏಳನೆಯ ಮಂಚ’ವಾಗಿದ್ದೆನು. ಹೊಸದಾಗಿ ಕೊಟ್ಟ ಮಾತ್ರೆಯೊಂದು ನನಗೆ ತಲೆತಿರುಗನ್ನು ತರುತ್ತಿದ್ದಿತು. ರಾತ್ರಿಯ ಪಾಳಿಯ ದಾದಿಗೆ ಅದನ್ನು ಹೇಳಿಕೊಂಡೆನು. “ಡಾಕ್ಟ್ರು ಬರೆದಿದಾರೆ ಅಜ್ಜಾ, ನುಂಗಿ” ಎಂದಳು. ನುಂಗಿದೆನು. ನಡುರಾತ್ರಿಯಲ್ಲಿ ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿ ಬಿದ್ದು ಮಣಿಕಟ್ಟನ್ನು ಉಳುಕಿಸಿಕೊಂಡೆನು. ಓಡಿಬಂದು ನನ್ನನ್ನೆತ್ತಿದವಳೂ ಅವಳೇ. ಅವಳ ಕೈ ನಡುಗುತ್ತಿದ್ದಿತು. ಮೂವತ್ತು ರೋಗಿಗಳಿಗೆ ಅವಳೊಬ್ಬಳೇ. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಹಿರಿಯರು ಹೇಳಿದಂತೆ ಕೇಳಬೇಕೆಂದು ಯಾರೋ ಒಬ್ಬ ಮೇಷ್ಟ್ರು ಅವಳಿಗೂ ಬರೆಯಿಸಿದ್ದಿರಬೇಕೆಂದುಕೊಂಡೆನು.

ಚನ್ನಗಿರಿಯ ನಮ್ಮ ಮನೆಗೆ ಹಿಂದಿರುಗಿದ ಎರಡು ವಾರಗಳ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬ ಹೆಣ್ಣುಮಗಳು ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಲು ಬಂದಳು. ಐವತ್ತರ ಸಮೀಪದ ವಯಸ್ಸು. ಜಗುಲಿಯ ಮೇಲೆ ಕುಳಿತು, ಯಂತ್ರವನ್ನು ತೆಗೆಯುವುದಕ್ಕೆ ಮೊದಲು, “ರಾತ್ರಿ ನಿದ್ದೆ ಹೇಗೆ ಬರ್ತದೆ?” ಎಂದು ಕೇಳಿ ಸುಮ್ಮನಾದಳು. ಉತ್ತರ ಮುಗಿಯುವವರೆಗೂ ಸುಮ್ಮನೆಯೇ ಇದ್ದಳು. ಅಷ್ಟು ಹೊತ್ತು ನನ್ನ ಮಾತನ್ನು ಆಲಿಸಿದವರನ್ನು ನಾನು ಆ ತಿಂಗಳಲ್ಲಿ ಕಂಡಿರಲಿಲ್ಲ. ಹೊರಡುವಾಗ ನನ್ನ ಪಾದವನ್ನು ಮುಟ್ಟಿ, “ಮೇಷ್ಟ್ರೇ, ನನ್ನ ಗುರುತು ಸಿಕ್ಕಲಿಲ್ಲವೆ? ಜಗಳೂರು ಸೀಮೆಯ ಸ್ಕೂಲು, ಆರನೇ ಕ್ಲಾಸು” ಎಂದು ನಕ್ಕಳು. ನಗುವಾಗ ಬಲಗೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ಬೆರಳುಗಳ ಸಂದಿನಲ್ಲಿ ಕಂದುಗಟ್ಟಿದ ಹಲ್ಲುಗಳು ಕಂಡವು. ಆ ಹಲ್ಲಿನಿಂದ ನನಗೆ ಗುರುತು ಸಿಕ್ಕಿತು. ಅಷ್ಟಕ್ಕೇ ನಿಲ್ಲದೆ ಮತ್ತೊಂದೂ ನೆನಪಾಯಿತು.

೧೯೮೪ರಲ್ಲಿ ನನ್ನ ಮೊದಲನೆಯ ನೇಮಕವು ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಆಗಿದ್ದಿತು. ಆಗ ಆ ತಾಲ್ಲೂಕು ಚಿತ್ರದುರ್ಗ ಜಿಲ್ಲೆಗೆ ಸೇರಿದ್ದಿತು. ದಾವಣಗೆರೆ ಜಿಲ್ಲೆಯಾದುದು ೧೯೯೭ರಲ್ಲಿ. ಮಳೆ ಕಡಮೆ, ಕೆರೆಗಳು ಹೆಸರಿಗೆ ಮಾತ್ರ, ಕುಡಿಯುವುದಕ್ಕೆ ಕೊಳವೆ ಬಾವಿಯ ನೀರು. ನಾನು ಶುಚಿತ್ವದಲ್ಲಿ ನಿಷ್ಠುರ. ಸೋಮವಾರದ ಪ್ರಾರ್ಥನೆಯಾದೊಡನೆ ಮಕ್ಕಳ ಉಗುರು, ತಲೆ, ಹಲ್ಲುಗಳನ್ನು ಪರೀಕ್ಷಿಸುತ್ತಿದ್ದೆನು. ಆ ಊರಿನ ಅರ್ಧಕ್ಕೆ ಹೆಚ್ಚು ಮಕ್ಕಳ ಹಲ್ಲು ಕಂದು, ಹಳದಿ, ಸುಣ್ಣದ ಚುಕ್ಕೆಗಳಿಂದ ಕೂಡಿದ್ದವು. ಹಲ್ಲುಜ್ಜದ ಸೋಮಾರಿಗಳೆಂದು ಅವರನ್ನು ಬಿಸಿಲಲ್ಲಿ ನಿಲ್ಲಿಸಿದೆನು. ಅಂಗೈಗೆ ಬೆತ್ತದಿಂದ ಹೊಡೆದೆನು. ಈ ಹುಡುಗಿಯನ್ನೂ ಹೊಡೆದಿದ್ದೆನು.

“ನಾವು ದಿನಾ ಉಜ್ಜತಿದ್ವಿ ಮೇಷ್ಟ್ರೇ” ಎಂದಳು, ದೂರದ ಯಾರದೋ ಸಂಗತಿಯನ್ನು ಹೇಳುವಂತೆ. “ನೀವು ಬೈದ ಮೇಲೆ ಇಟ್ಟಿಗೆ ಪುಡಿ ಹಾಕಿ ಉಜ್ಜಿದ್ವಿ. ಒಸಡಿನಲ್ಲಿ ರಕ್ತ ಬಂತು, ಕಲೆ ಹೋಗಲಿಲ್ಲ.”

ವಾಚಕರೇ, ಆ ಕಲೆಯು ಉಜ್ಜಿದರೆ ಹೋಗತಕ್ಕುದಲ್ಲ. ಅದು ಹಲ್ಲಿನ ಮೇಲೆ ಕುಳಿತ ಕೊಳೆಯಲ್ಲ, ಹಲ್ಲು ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗಲೇ ಅದರಲ್ಲಿ ಸೇರಿಹೋದ ದೋಷ. ಕೆಲವು ಬಗೆಯ ಬಂಡೆಗಳಿಂದ ಫ್ಲೋರೈಡ್ ಎಂಬ ಲವಣಾಂಶವು ಅಂತರ್ಜಲದಲ್ಲಿ ಕರಗುವುದು. ಆಳದ ನೀರು ಬಂಡೆಯೊಡನೆ ಹೆಚ್ಚು ಕಾಲ ನಿಂತಿದ್ದಷ್ಟೂ ಅದರ ಅಂಶವು ಹೆಚ್ಚಬಹುದು. ಲೀಟರಿಗೆ ೧.೫ ಮಿಲಿಗ್ರಾಮಿಗೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಮೀರಿದ ನೀರನ್ನು ಎಳೆಯ ಮಕ್ಕಳು ಕುಡಿದರೆ ಮುಂದೆ ಹುಟ್ಟುವ ಹಲ್ಲು ಕೆಡುವುದು. ಬಹಳ ಮಿತಿಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿದು, ಬೆನ್ನು ಬಾಗಿ, ನಡೆಯುವುದೇ ಕಷ್ಟವಾಗುವುದು. ಬಾಗಿದುದನ್ನು ನೆಟ್ಟಗೆ ಮಾಡುವ ಔಷಧವಿಲ್ಲ. ನೀರನ್ನು ಕುದಿಸಿದರೂ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುವುದು. ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಜನರ ಮೂಳೆಗಳು ಹೀಗೆ ಕೆಟ್ಟಿರುವುದನ್ನು ವೈದ್ಯರು ಕಂಡು ೧೯೩೭ರಲ್ಲಿಯೇ ಪ್ರಕಟಿಸಿದ್ದರು. ನಾನು ಬೆತ್ತ ಹಿಡಿದುದು ಅದಾದ ೪೭ ವರ್ಷಗಳ ಮೇಲೆ. ಜ್ಞಾನವು ಲೋಕದಲ್ಲಿ ಇದ್ದಿತು. ಅದು ಬೇಕಾಗಿದ್ದ ಊರಿಗೆ ಬಂದಿರಲಿಲ್ಲ. ಅದರ ಬದಲು ನಾನು ಬಂದಿದ್ದೆನು.

ಈ ಹೆಣ್ಣುಮಗಳು ದಾದಿಯ ತರಬೇತನ್ನು ಪಡೆದು ಕಿರಿಯ ಆರೋಗ್ಯ ಸಹಾಯಕಿಯಾಗಿ, ತನ್ನ ಸೀಮೆಯ ಉಪಕೇಂದ್ರವೊಂದರಲ್ಲಿಯೇ ಬಹುಕಾಲ ಕೆಲಸ ಮಾಡಿದಳು. ಮಂಡಿನೋವೆಂದು ಬಂದವರಿಗೆ ಮಾತ್ರೆಯನ್ನು ಕೊಡುವುದು, ನೀರನ್ನು ಕುದಿಸಿ ಕುಡಿಯಿರೆಂದು ಹೇಳುವುದು, ಬಂದವರ ಸಂಖ್ಯೆಯನ್ನು ಬರೆಯುವುದು, ಇಷ್ಟೇ ಅವಳಿಗೆ ವಿಧಿಸಿದ ಕೆಲಸ. ಒಂದು ದಿನ ಮುದುಕಿಯೊಬ್ಬಳು ಮಾತ್ರೆಯನ್ನು ತೆಗೆದುಕೊಳ್ಳುತ್ತ, “ನಮ್ಮ ತವರಿನಾಗೆ ನನ್ನ ಅಕ್ಕ ನನಗಿಂತ ದೊಡ್ಡಾಕಿ, ನೆಟ್ಟಗೆ ನಡೀತಾಳೆ. ನಾನು ಈ ಊರಿಗೆ ಬಂದು ಬಗ್ಗಿದೆ” ಎಂದಳಂತೆ. ಈಕೆ ಆ ಮಾತನ್ನು ಗೊಣಗಾಟವೆಂದು ಬಿಡಲಿಲ್ಲ. ಸರ್ಕಾರದ ದಾಖಲೆಯ ಜೊತೆಗೆ ತನ್ನದೇ ಒಂದು ನೋಟ್‌ಬುಕ್ಕನ್ನು ಇಟ್ಟಳು. ನೋವಿನವರ ಹೆಸರು, ಅವರು ಯಾವ ಬೋರಿನ ನೀರನ್ನು ಎಷ್ಟು ವರ್ಷದಿಂದ ಕುಡಿಯುತ್ತಿರುವರು, ಮನೆಯ ಮಕ್ಕಳ ಹಲ್ಲು ಹೇಗಿವೆ, ಇಷ್ಟನ್ನು ಬರೆದಳು. ವರ್ಷದೊಳಗೆ ಒಂದೇ ಬೋರಿನ ಸುತ್ತ ಹೆಸರುಗಳು ಗುಂಪುಗೂಡಿದವು. ಗ್ರಾಮಸಭೆಯಲ್ಲಿ ತಾನು ಮಾತನಾಡದೆ, ಆ ಮುದುಕಿಯರ ಕೈಯಲ್ಲಿಯೇ ಮಾತನಾಡಿಸಿದಳು. ನೀರಿನ ಪರೀಕ್ಷೆಯಾಯಿತು, ಫ್ಲೋರೈಡು ಮಿತಿಮೀರಿದ್ದಿತು. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರು ಬರುವ ಶುದ್ಧ ನೀರಿನ ಘಟಕವು ಮೂರು ವರ್ಷಗಳ ಮೇಲೆ ಬಂದಿತು. ಅದು ಕೆಟ್ಟು ನಿಂತಾಗ ಜನ ಹಳೆಯ ಬೋರಿಗೇ ಹೋಗುವರೆಂಬುದನ್ನೂ, ಐದು ರೂಪಾಯಿಯೂ ಇಲ್ಲದ ಮನೆಗಳುಂಟೆಂಬುದನ್ನೂ ಅವಳು ಬರೆಯುತ್ತಲೇ ಹೋದಳು.

ಈ ಕಥೆಯನ್ನೆಲ್ಲ ಅವಳು ಒಂದೇ ದಿನ ಹೇಳಲಿಲ್ಲ. ಮೂರನೆಯ ಸಲ ಬಂದಾಗ ಅವಳ ಕೈಯಲ್ಲೊಂದು ದಪ್ಪನೆಯ ಇಂಗ್ಲಿಷ್ ಪುಸ್ತಕವಿದ್ದಿತು, ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿರುವ ಮಗಳದು. ಮೇ ೧೨ರಂದು ದಾದಿಯರ ದಿನಾಚರಣೆಯಲ್ಲಿ ಅವಳು ನಾಲ್ಕು ಮಾತನಾಡಬೇಕಾಗಿದ್ದಿತು. “ನಾನು ಮಾಡಿದ್ದಕ್ಕೆ ಇದರಲ್ಲಿ ಒಂದು ಹೆಸರು ಇದೆ ಅಂತ ಮಗಳು ಹೇಳ್ತಾಳೆ. ಅದನ್ನ ಕನ್ನಡದಲ್ಲಿ ಏನನ್ನಬೇಕು ಮೇಷ್ಟ್ರೇ?” ಎಂದಳು. ಅವಳ ಮಗಳ ನೆರವಿನಿಂದ ನಾನು ಅರಿತುಕೊಂಡುದನ್ನು ಸಂಕ್ಷೇಪವಾಗಿ ಹೇಳುವೆನು.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ೧೯೨೩ರಲ್ಲಿ ಸಮಾಜ ಸಂಶೋಧನೆಯ ಸಂಸ್ಥೆಯೊಂದು ಹುಟ್ಟಿತು. ಅದರ ಮುಖ್ಯಸ್ಥನಾಗಿದ್ದ ಮ್ಯಾಕ್ಸ್ ಹಾರ್ಕ್‌ಹೈಮರನು, ನಾಜಿಗಳ ಕಾಟದಿಂದ ದೇಶವನ್ನು ಬಿಟ್ಟು ಅಮೆರಿಕದಲ್ಲಿದ್ದಾಗ, ೧೯೩೭ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿ ಸಿದ್ಧಾಂತಗಳನ್ನು ಎರಡಾಗಿ ವಿಂಗಡಿಸಿದನು. ಲೋಕವು ಇರುವಂತೆ ಒಪ್ಪಿಕೊಂಡು ಅದನ್ನು ವಿವರಿಸುವುದು ಒಂದು. ಅದು ಹೀಗೇಕೆ ಆಯಿತು, ಬೇರೆ ರೀತಿಯಾಗಬಾರದೆ ಎಂದು ಕೇಳುವುದು ಇನ್ನೊಂದು. ಎರಡನೆಯದೇ ವಿಮರ್ಶಾತ್ಮಕ ಸಿದ್ಧಾಂತ. ನೆಲ್ಲೂರಿನ ವೈದ್ಯರು ಬರೆದುದೂ ಅದೇ ವರ್ಷದಲ್ಲಿ ಎಂಬುದನ್ನು ಕಂಡು ನಾನು ಬಹಳ ಹೊತ್ತು ಸುಮ್ಮನಿದ್ದೆನು. ಅದೇ ಪಂಥದ ಯೂರ್ಗೆನ್ ಹಾಬರ್ಮಾಸನು ೧೯೬೮ರಲ್ಲಿ ಜ್ಞಾನದ ಹಿಂದಿರುವ ಪ್ರಯೋಜನಗಳು ಮೂರೆಂದನು: ವಸ್ತುಗಳನ್ನು ಅಂಕೆಯಲ್ಲಿಡುವುದು, ಒಬ್ಬರನ್ನೊಬ್ಬರು ಅರಿಯುವುದು, ಕಾಣದ ಕಟ್ಟುಗಳಿಂದ ಬಿಡುಗಡೆ ಹೊಂದುವುದು.

ದಾದಿಯರ ಶಾಸ್ತ್ರಕ್ಕೆ ಇದು ಬಂದ ಬಗೆ ಹೀಗೆ. ಅಮೆರಿಕದ ಬಾರ್ಬರಾ ಕಾರ್ಪರ್ ಎಂಬ ವಿದುಷಿಯು ೧೯೭೮ರಲ್ಲಿ ದಾದಿಯ ಅರಿವು ನಾಲ್ಕು ಬಗೆಯೆಂದಳು: ಪರೀಕ್ಷೆಗಳಿಂದ ಸಿದ್ಧವಾದ ಶಾಸ್ತ್ರಜ್ಞಾನ, ಕೈಗೂ ಮನಸ್ಸಿಗೂ ಸೇರಿದ ಕಲೆ, ಸರಿ ತಪ್ಪುಗಳ ನೀತಿ, ತನ್ನನ್ನೂ ಎದುರಿಗಿರುವವರನ್ನೂ ವ್ಯಕ್ತಿಗಳಾಗಿ ಅರಿಯುವ ಅರಿವು. ೨೦೦೮ರಲ್ಲಿ ಚಿನ್ ಮತ್ತು ಕ್ರೇಮರ್ ಎಂಬಿಬ್ಬರು ತಮ್ಮ ಗ್ರಂಥದಲ್ಲಿ ಐದನೆಯದೊಂದನ್ನು ಸೇರಿಸಿದರು. ಈ ರೋಗವು ಈ ಜನರಿಗೇ ಏಕೆ ಬಂದಿತು, ಈ ಏರ್ಪಾಡಿನಿಂದ ಲಾಭ ಯಾರಿಗೆ, ಯಾರ ನೋವು ನಮ್ಮ ಕಣ್ಣಿಗೆ ಬೀಳುತ್ತಿಲ್ಲ, ಏನನ್ನು ಬದಲಾಯಿಸಬೇಕು ಎಂದು ಕೇಳಿ, ಬದಲಾಯಿಸಲು ಕೈ ಹಾಕುವ ಅರಿವು ಅದು. ನಾನು ಅದಕ್ಕೆ ವಿಮೋಚಕ ಜ್ಞಾನ ಎಂದು ಹೆಸರಿಟ್ಟು, ಸ್ವಲ್ಪ ಹೆಮ್ಮೆಯಿಂದಲೇ ಬರೆದುಕೊಟ್ಟೆನು.

ಅವಳು ಓದಿ, “ಇದು ನಮ್ಮ ಮುದುಕಿಯರಿಗೆ ತಿಳಿಯುವುದಿಲ್ಲ. ಕೇಳೋದು ಅಂದರೆ ಸಾಲದೆ?” ಎಂದಳು.

ಆಗ ನನಗೆ ಸನ್ನಂತ ಪ್ರಕರಣವು ನೆನಪಾಯಿತು. ಶುಶ್ರೂಷೆಯೂ ಮುಮುಕ್ಷೆಯೂ ಒಂದೇ ಪ್ರತ್ಯಯದ ಮಕ್ಕಳು. ಆಲಿಸಬೇಕೆಂಬ ಇಚ್ಛೆ ಒಂದು, ಬಿಡುಗಡೆಯಾಗಬೇಕೆಂಬ ಇಚ್ಛೆ ಇನ್ನೊಂದು. ಪಶ್ಚಿಮದ ಪಂಡಿತರು ಎಪ್ಪತ್ತು ವರ್ಷಗಳಲ್ಲಿ ಹೊಲಿದು ಸೇರಿಸಿದ ಎರಡು ಅಂಚುಗಳನ್ನು ಈಕೆ ಒಂದು ಕನ್ನಡ ಧಾತುವಿನಿಂದ ಸೇರಿಸಿಬಿಟ್ಟಿದ್ದಳು. ಆಲಿಸಿದವಳಿಗೆ ಪ್ರಶ್ನೆ ಹುಟ್ಟಿತು. ಪ್ರಶ್ನೆಯಿಂದ ಊರಿಗೆ ಬೇರೆಯ ನೀರು ಬಂದಿತು. ವಿಧೇಯತೆಯ ಅರ್ಥದಲ್ಲಿ ಮಾತ್ರ ಕೇಳಿದ್ದರೆ ಮಾತ್ರೆಗಳ ಲೆಕ್ಕವೊಂದು ಸರಿಯಾಗಿ ಉಳಿಯುತ್ತಿದ್ದಿತು.

ನಮ್ಮ ಹಿಂದಿನವರಲ್ಲಿ ಇದಕ್ಕೆ ಆಧಾರವುಂಟೆ ಎಂದು ಹುಡುಕಿದೆನು. ಚರಕಸಂಹಿತೆಯ ಸೂತ್ರಸ್ಥಾನದ ೯ನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ದ್ರವ್ಯ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚಗಳಿರಬೇಕೆಂದು ಹೇಳಿರುವುದು. ದಾದಿಯನ್ನು ಚಿಕಿತ್ಸೆಯ ಕಾಲುಭಾಗವೆಂದು ಅಷ್ಟು ಹಿಂದೆಯೇ ಎಣಿಸಿದುದು ನಮಗೆ ಹೆಮ್ಮೆಯ ವಿಷಯ. ಆದರೆ ಅಲ್ಲಿಯೇ ಮುಂದೆ, ಅಡಿಗೆಯವನಿಗೆ ಪಾತ್ರೆ, ಸೌದೆ, ಬೆಂಕಿಗಳು ಹೇಗೋ ವೈದ್ಯನಿಗೆ ಉಳಿದ ಮೂವರೂ ಹಾಗೆಂದು ಹೋಲಿಕೆಯುಂಟು. ಹೆಮ್ಮೆಯಿಂದ ಅರ್ಧವನ್ನು ಓದಿ ಉಳಿದರ್ಧವನ್ನು ಮುಚ್ಚುವುದು ಪಂಡಿತನಿಗೆ ತಕ್ಕುದಲ್ಲ. ಈ ಹೋಲಿಕೆಯಲ್ಲಿ ದಾದಿಯು ಪಾತ್ರೆ, ರೋಗಿಯೂ ಪಾತ್ರೆ. ಪಾಣಿನಿಯ ಮತದಲ್ಲಿ ಸ್ವತಂತ್ರನಾದವನೇ ಕರ್ತೃ. ಕ್ರಿಯೆಯನ್ನು ಸಾಧಿಸಲು ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವುದು ಕರಣ. ದಾದಿಯನ್ನು ನಾವು ತೃತೀಯಾ ವಿಭಕ್ತಿಯಲ್ಲಿಯೇ ಇಟ್ಟುಕೊಂಡು ಬಂದಿರುವೆವು: ದಾದಿಯಿಂದ ಔಷಧವು ಕೊಡಲ್ಪಟ್ಟಿತು. ಅವಳನ್ನೂ ರೋಗಿಯನ್ನೂ ಪ್ರಥಮೆಗೆ ತರುವುದೇ ಈ ಹೊಸ ಶಾಸ್ತ್ರದ ಸಾರವೆಂದು ನನಗೆ ತೋರುತ್ತದೆ.

ಇದನ್ನರಿತ ಮೇಲೆ ನಾನು ಕೆಲಸ ಮಾಡಿದ ಊರುಗಳೆಲ್ಲ ಬೇರೆಯಾಗಿ ಕಾಣತೊಡಗಿದವು. ಜಗಳೂರಿನಿಂದ ನನಗೆ ಹೊನ್ನಾಳಿಗೆ ವರ್ಗವಾಯಿತು. ಅಲ್ಲಿ ತುಂಗಭದ್ರೆಯು ಊರ ಬದಿಯಲ್ಲಿಯೇ ಹರಿಯುವಳು. ಅಲ್ಲಿ ನಾನು ಹಲ್ಲುಗಳಿಗಾಗಿ ಯಾರನ್ನೂ ಹೊಡೆದುದಿಲ್ಲ. ಹೊನ್ನಾಳಿಯ ಮಕ್ಕಳು ಹೆಚ್ಚು ಶುಚಿಯೆಂದು ಭಾವಿಸಿದೆನೇ ಹೊರತು ನೀರಿನ ಕಡೆಗೆ ನನ್ನ ದೃಷ್ಟಿ ಹೋಗಲಿಲ್ಲ. ಅನಂತರ ನ್ಯಾಮತಿಯ ಕಡೆ, ಆಗ ಅದು ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದಿತು, ಲಂಬಾಣಿ ತಾಂಡಾಗಳ ನಡುವಣ ಶಾಲೆ. ಬಂಜಾರರ ಪೂಜ್ಯ ಸೇವಾಲಾಲರ ಸೂರಗೊಂಡನಕೊಪ್ಪವು ಆ ಸೀಮೆಯಲ್ಲಿಯೇ ಇರುವುದು. ಸುಗ್ಗಿ ಮುಗಿದೊಡನೆ ಮನೆಗೆ ಮನೆಯೇ ಬೀಗ ಹಾಕಿಕೊಂಡು ಕಾಫಿ ತೋಟಕ್ಕೋ ಕಬ್ಬು ಕಡಿಯುವುದಕ್ಕೋ ಹೋಗುತ್ತಿದ್ದಿತು. ನಾನು ಹಾಜರಿ ಪುಸ್ತಕದಲ್ಲಿ ‘ಗೈರುಹಾಜರು’ ಎಂದು ಬರೆದು ಗೆರೆ ಎಳೆಯುತ್ತಿದ್ದೆನು. ಆರೋಗ್ಯ ಇಲಾಖೆಯ ಪುಸ್ತಕದಲ್ಲಿ ಅದೇ ಮನೆಯ ಬಸುರಿಯು ‘ಚುಚ್ಚುಮದ್ದಿಗೆ ಬಾರದವಳು’. ಎರಡು ಪುಸ್ತಕಗಳೂ ಸುಳ್ಳು ಹೇಳಲಿಲ್ಲ. ಆದರೆ ತಪ್ಪನ್ನು ಇಲ್ಲದವರ ಮೇಲೆ ಬರೆದವು. ಈಗ ನಾನಿರುವ ಚನ್ನಗಿರಿಯಲ್ಲಿ ಅಡಕೆಯ ಕಾಲದಲ್ಲಿ ರಾತ್ರಿಯೆಲ್ಲ ಕುಳಿತು ಸುಲಿದ ಹೆಂಗಸರ ಬೆನ್ನುನೋವಿಗೂ ಹಚ್ಚುವ ಎಣ್ಣೆಯುಂಟು. ಕೇಳಬೇಕಾದ ಪ್ರಶ್ನೆಯೂ ಉಂಟು. ಇದೇ ತಾಲ್ಲೂಕಿನಲ್ಲಿ ಸೂಳೆಕೆರೆಯಂತಹ ಸಮುದ್ರಸಮಾನವಾದ ಜಲರಾಶಿ. ಇದೇ ಜಿಲ್ಲೆಯ ಮತ್ತೊಂದು ಮೂಲೆಯಲ್ಲಿ ವಿಷಬೆರೆತ ಬೋರು. ನಡುವೆ ಒಂದು ಹಗಲಿನ ಪಯಣವೂ ಇಲ್ಲ.

ಆಕ್ಷೇಪಗಳಿಲ್ಲವೆಂದಲ್ಲ. ನೋವಿನಲ್ಲಿರುವವನಿಗೆ ಬೇಕಾದುದು ಒಂದು ಲೋಟ ನೀರೇ ಹೊರತು ಸಿದ್ಧಾಂತವಲ್ಲವೆಂದು ನಾನೇ ಅವಳೊಡನೆ ವಾದಿಸಿದೆನು. “ಲೋಟ ಕೊಡುವಾಗ ಅದು ಯಾವ ಬಾವಿಯ ನೀರು ಅಂತ ನೋಡಿದರೆ ಆಯಿತಲ್ಲ ಮೇಷ್ಟ್ರೇ” ಎಂದಳು. ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ತಾನೇ ಕಟ್ಟಿನಲ್ಲಿರುವವಳು ಇತರರನ್ನು ಬಿಡಿಸುವುದು ಹೇಗೆ? ನನ್ನನ್ನೆತ್ತಿದ ಆ ರಾತ್ರಿಯ ದಾದಿಯು ಗುತ್ತಿಗೆಯ ಮೇಲಿದ್ದಳು. ಡಾಕ್ಟರನ್ನು ನಿದ್ದೆಯಿಂದೆಬ್ಬಿಸಿ ‘ಈ ಮಾತ್ರೆ ಬೇಡವೇನೋ’ ಎನ್ನುವ ಧೈರ್ಯವನ್ನು ಅವಳಿಗೆ ಯಾರು ಕೊಟ್ಟಿದ್ದರು? ೨೦೦೫ರಲ್ಲಿ ಪ್ರಾರಂಭವಾದ ಆಶಾ ಯೋಜನೆಯ ಕಾರ್ಯಕರ್ತೆಯರಿಗೆ ಕೊಡುವುದು ಸಂಬಳವಲ್ಲ, ‘ಗೌರವಧನ’. ಗೌರವವನ್ನು ಮುಂದಿಟ್ಟು ಧನವನ್ನು ಹಿಂದಿಡುವ ಸಮಾಸವಿದು. ೨೦೨೫ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲಿರುಳು ಕುಳಿತ ಮೇಲೆ ತಿಂಗಳಿಗೆ ೧೦,೦೦೦ ರೂಪಾಯಿಗಳ ಭರವಸೆ ದೊರೆಯಿತು. ಅದೂ ಕೇಳುವುದೇ, ಆ ಧಾತುವಿನ ನಾಲ್ಕನೆಯ ಅರ್ಥ.

ಮೂರನೆಯದು ನನ್ನ ಭಯ. ಬಿಡುಗಡೆ ಮಾಡಬಂದವನು ತಾನೇ ಹೊಸ ಬೆತ್ತ ಹಿಡಿಯಬಾರದು. ನಾನೂ ಜಗಳೂರಿನ ಮಕ್ಕಳನ್ನು ಕೊಳೆಯಿಂದ ಬಿಡಿಸಲೆಂದೇ ಹೊಡೆದೆನಷ್ಟೆ! ಪಾವಗಡದ ಸೂಲಗಿತ್ತಿ ನರಸಮ್ಮನವರು ಶಾಲೆಯ ಮೆಟ್ಟಿಲನ್ನು ಹತ್ತದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಅಂತಹವರ ಕೈಯಲ್ಲಿದ್ದ ಅರಿವನ್ನು ನಾವು ಎಷ್ಟುಕಾಲ ಅರಿವೆಂದೇ ಎಣಿಸಲಿಲ್ಲ! ವಿಮೋಚಕ ಜ್ಞಾನವು ಮೇಲಿನಿಂದ ಸುರಿಯುವ ವಸ್ತುವಾದರೆ ಅದು ನನ್ನ ಸೋಮವಾರದ ಪರೀಕ್ಷೆಯ ಹೊಸ ವೇಷವಷ್ಟೆ.

ಈ ಮಾತುಗಳು ದಾದಿಯ ಧರ್ಮಕ್ಕೆ ಹೊರಗಿನವೆಂದು ಯಾರಾದರೂ ಹೇಳಿಯಾರು. ೧೮೨೦ರ ಮೇ ೧೨ರಂದು ಹುಟ್ಟಿದ ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪ ಹಿಡಿದ ಚಿತ್ರದಿಂದ ಮಾತ್ರ ಬಲ್ಲೆವು.  ಭಾರತಕ್ಕೆ ಒಮ್ಮೆಯೂ ಬಾರದ ಆಕೆಯು ಇಲ್ಲಿಯ ಕ್ಷಾಮ, ನೈರ್ಮಲ್ಯ, ನೀರಾವರಿಗಳನ್ನು ಕುರಿತು ಬರೆದಳು. ನೀರು ಹರಿಸುವುದೇ ಇಲ್ಲಿಯ ಜನರ ಜೀವನ್ಮರಣದ ಪ್ರಶ್ನೆಯೆಂದು ೧೮೭೪ರಲ್ಲಿ ವಾದಿಸಿದಳು. ದಾದಿಯರ ಆದ್ಯಳಿಗೆ ಕೆರೆ ಕಾಲುವೆಗಳು ತನ್ನ ಕೆಲಸದ ಹೊರಗೆ ಕಾಣಲಿಲ್ಲ. ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಸೀಮೆಯ ೫೭ ಕೆರೆಗಳನ್ನು ತುಂಬಿಸುವ ಯೋಜನೆಯ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಅದೊಂದು ದೊಡ್ಡ ಶುಶ್ರೂಷೆಯೆಂದೇ ತೋರುವುದು.

ದಾದಿಯರ ದಿನದ ಭಾಷಣಕ್ಕೆ ಮೊದಲು ಅವಳು ಮತ್ತೊಮ್ಮೆ ಬಂದಿದ್ದಳು. ಇಷ್ಟು ದಿನ ಗಂಟಲಲ್ಲಿದ್ದ ಮಾತನ್ನು ಅಂದು ಆಡಿದೆನು. “ತಾಯೀ, ನಿನ್ನನ್ನು ಹೊಡೆದೆ. ತಪ್ಪಾಯಿತು” ಎಂದೆನು. ಗುರುವು ಶಿಷ್ಯೆಯ ಮುಂದೆ ಹೀಗೆನ್ನುವುದು ನಮ್ಮ ಪಾಠಶಾಲೆಯ ಕ್ರಮವಲ್ಲ. ಅವಳು ಗಾಬರಿಯಿಂದ, “ಅಯ್ಯೋ, ಬಿಡಿ ಮೇಷ್ಟ್ರೇ” ಎಂದಳು. ರಕ್ತದೊತ್ತಡದ ಪಟ್ಟಿಯನ್ನು ನನ್ನ ತೋಳಿನಿಂದ ಬಿಚ್ಚಿ ಸುತ್ತುತ್ತ, ಸ್ವಲ್ಪ ಹೊತ್ತಾದ ಮೇಲೆ, “ಒಂದು ಸಾರಿ ಕೇಳಿದ್ದರೆ ಹೇಳ್ತಿದ್ವಿ” ಎಂದಳು.

ಅವಳ ಊರಿನ ಶಾಲೆಯಲ್ಲಿ ಈಗ ಮೂರನೆಯ ತರಗತಿಯಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರ ಹಲ್ಲು ಬಿಳುಪಾಗಿವೆಯಂತೆ. ಘಟಕವು ಕೆಟ್ಟು ನಿಂತಿದ್ದ ಕಾಲದ ಮಕ್ಕಳದು ಹಾಗಿಲ್ಲವಂತೆ. ನನ್ನ ಸಹೋದ್ಯೋಗಿಗಳಾದ ಉಪಾಧ್ಯಾಯರಲ್ಲಿ ನನ್ನ ಬಿನ್ನಹವಿಷ್ಟೆ: ಮಗುವಿನ ಮೈಮೇಲೆ ಯಾವುದಾದರೂ ಕಲೆ ಕಂಡರೆ ಮೊದಲು ಕೇಳಿರಿ, ಅನಂತರ ಆ ಊರಿನ ದಾದಿಯನ್ನೂ ಕೇಳಿರಿ. ಆಕೆ ಬಲ್ಲಳು. ಆಕೆಯನ್ನು ಕೇಳುವವರು ಇದುವರೆಗೆ ಕಡಮೆಯಾಗಿದ್ದರು.